ಕಾಲು ಕೆಳಗಿರಲಿ: ಪ್ಯಾರಾಗ್ಲೈಡರ್‌ನಿಂದ ಧೊಪ್ಪನೆ ಬೀಳುವ ಬಗೆಗಳು, ಬಿದ್ದ ಮೇಲೆ ಮಾಡಬೇಕಾದ ಕೆಲಸಗಳು

ಹಿಮಾಚಲದ ಬೀರ್ ಊರಿನ ಲ್ಯಾಂಡಿಂಗ್ ಮೈದಾನದ ಅಂಚಿನಲ್ಲಿ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ಚಹಾ ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 14 ಕಿ.ಮೀ. ದೂರದ ಬಿಲ್ಲಿಂಗ್‌ನಲ್ಲಿ, ಸುಮಾರು 2,400 ಮೀಟರ್ ಎತ್ತರದಲ್ಲಿ ಹಾರಿದವರು 1,400 ಮೀಟರ್ ಎತ್ತರದ ಚೌಗಾನ್‌ನ ಈ ಹುಲ್ಲಿಗೆ ಬಂದು ಇಳಿಯುತ್ತಾರೆ. ಒಬ್ಬ ನಿಂತ ಬಸ್ಸಿನಿಂದ ಇಳಿದವನ ಹಾಗೆ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾನೆ. ಅವನ ಹಿಂದಿನವನು ಅಂಡೂರಿ ಹತ್ತು ಮೀಟರ್ ಜಾರಿ, ಪ್ಯಾಂಟಿಗೆಲ್ಲ ಹಸಿರು ಬಳಿದುಕೊಂಡು ಏಳುತ್ತಾನೆ. ಮೂರನೆಯವನು ಓಡುತ್ತಾನೆ, ಓಡುತ್ತಲೇ ಇರುತ್ತಾನೆ, ಕೊನೆಗೆ ವಿಂಗ್, ಅಂದರೆ ಅವನನ್ನು ಹೊತ್ತು ತಂದ ಬಟ್ಟೆಯ ರೆಕ್ಕೆ, ಅವನನ್ನೂ ಮೀರಿ ಮುಂದೆ ಬಂದು ತಲೆಯ ಮೇಲೆ ಕವುಚಿಕೊಳ್ಳುತ್ತದೆ. ಬಣ್ಣದ ಬಟ್ಟೆಯೊಳಗೆ ಎರಡು ಕೈ ದಾರಿ ಹುಡುಕುವುದಷ್ಟೇ ಹೊರಗಿನವರಿಗೆ ಕಾಣುತ್ತದೆ. ಮೈದಾನವೆಲ್ಲ ನಗುತ್ತದೆ, ಒಳಗಿದ್ದವನೂ ನಗುತ್ತಾನೆ.

ನಗು ತರಿಸುವ ಇಳಿತಕ್ಕೂ ಆಂಬುಲೆನ್ಸ್ ತರಿಸುವ ಇಳಿತಕ್ಕೂ ಮೂಲದ ತಪ್ಪು ಬಹುತೇಕ ಒಂದೇ. ಕಾಲು ಕೆಳಗೆ ಬಿಟ್ಟುಕೊಂಡು ಬಂದವನು ಮಣ್ಣು ಕೊಡವಿ ಚಹಾಕ್ಕೆ ಬರುತ್ತಾನೆ. ಅದೇ ತಪ್ಪನ್ನು ಕೂತುಕೊಂಡು ಮಾಡಿದವನು ಬೆನ್ನು ಹಿಡಿದುಕೊಂಡು ಎಕ್ಸ್‌ರೇಗೆ ಹೋಗುತ್ತಾನೆ. ತರಬೇತಿ ಮುಗಿಸಿ ಒಂಟಿಯಾಗಿ ಹಾರಲು ಶುರುಮಾಡಿದವರು ಹೆಚ್ಚಾಗಿ ಬೀಳುವ ಬಗೆಗಳನ್ನೂ, ಪ್ರತಿಯೊಂದರ ಕಾರಣವನ್ನೂ, ಬಿದ್ದ ಮೇಲೆ ಏನು ಮಾಡಬೇಕೆಂಬುದನ್ನೂ ಇಲ್ಲಿ ಬರೆದಿದೆ. ಅಭ್ಯಾಸ ಮಾತ್ರ ತರಬೇತುದಾರರ ಕಣ್ಣೆದುರೇ ನಡೆಯಲಿ.

ಮೈದಾನ ದಾಟಿ ಹೋಗುವವರು

ಮೊದಲು ಒಂದು ಲೆಕ್ಕ. ಶಾಲೆಗಳಲ್ಲಿ ಕೊಡುವ, ಹೊಸಬರಿಗೆಂದೇ ಇರುವ ಇಎನ್-ಎ ದರ್ಜೆಯ ವಿಂಗ್, ಬ್ರೇಕ್ (ಎರಡೂ ಕೈಯಲ್ಲಿ ಹಿಡಿದ, ವಿಂಗ್ ಹಿಂದಿನ ಅಂಚನ್ನು ಕೆಳಗೆಳೆಯುವ ಹಿಡಿಗಳು) ಎಳೆಯದೆ ಬಿಟ್ಟರೆ, ಗಂಟೆಗೆ ಸುಮಾರು 36 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಅಂದರೆ ಸೆಕೆಂಡಿಗೆ 10 ಮೀಟರ್ ಮುಂದಕ್ಕೆ, ಸುಮಾರು 1.2 ಮೀಟರ್ ಕೆಳಕ್ಕೆ. ನೀವು ಹತ್ತಂತಸ್ತಿನ ಕಟ್ಟಡದಷ್ಟು, ಅಂದರೆ 30 ಮೀಟರ್ ಎತ್ತರದಲ್ಲಿದ್ದೀರಿ ಎನ್ನಿ. ನೆಲ ಮುಟ್ಟಲು ಇನ್ನೂ 25 ಸೆಕೆಂಡು ಬೇಕು. ಗಾಳಿಯೇ ಇಲ್ಲದಿದ್ದರೆ ಅಷ್ಟರಲ್ಲಿ 250 ಮೀಟರ್ ಮುಂದೆ ಹೋಗಿರುತ್ತೀರಿ, ಫುಟ್‌ಬಾಲ್ ಮೈದಾನದ ಎರಡೂವರೆಯಷ್ಟು. ಗಂಟೆಗೆ 12 ಕಿ.ಮೀ. ಎದುರುಗಾಳಿ ಇದ್ದರೂ ಸುಮಾರು 165 ಮೀಟರ್.

ಹೊಸಬರ ಕಣ್ಣು ಈ ದೂರವನ್ನು ನಂಬುವುದಿಲ್ಲ. ಹತ್ತಂತಸ್ತಿನ ಎತ್ತರದಲ್ಲಿ ಮೈದಾನದ ನಟ್ಟನಡುವೆ ಬಂದು, ಇನ್ನೇನು ಇಳಿದೆ ಎಂದುಕೊಳ್ಳುತ್ತಾರೆ. ಕೆಳಗಿದ್ದವರ ಮುಖ ಕಾಣುತ್ತದೆ, ‘ಇಳಿ, ಇಳಿ’ ಎಂಬ ಕೂಗು ಕೇಳುತ್ತದೆ, ವಿಂಗ್ ಮಾತ್ರ ತೇಲುತ್ತಾ ಬೇಲಿ ದಾಟುತ್ತದೆ, ಪಕ್ಕದ ಗದ್ದೆ ದಾಟುತ್ತದೆ, ಒಣಹಾಕಿದ ಜೋಳದ ತೆನೆಗಳ ಪಕ್ಕದಲ್ಲಿ ಯಾರದೋ ಅಂಗಳ ಸೇರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಸಿಕ್ಕಿದರಂತೂ ಕೊನೆಯ ಗಳಿಗೆಯಲ್ಲಿ ಇನ್ನೂ ಮೂರು ಮೀಟರ್ ಮೇಲೇರುವುದುಂಟು.

ಎತ್ತರವನ್ನು ಮೈದಾನದ ಮೇಲೆ ಕಳೆಯಬಾರದು, ಮೈದಾನದ ಹಿಂದೆ, ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಕಳೆಯಬೇಕು. ಆ ಅಂಚಿನ ಉದ್ದಕ್ಕೂ ಅಡ್ಡಡ್ಡಲಾಗಿ ಎಂಟರ ಅಂಕಿ ಬರೆಯುತ್ತ ಬನ್ನಿ. ಪ್ರತಿ ತಿರುವೂ ಮೈದಾನದ ಕಡೆಗೇ ಇರಲಿ, ಬೆನ್ನು ಯಾವತ್ತೂ ಮೈದಾನಕ್ಕೆ ತಿರುಗದಿರಲಿ. ತಗ್ಗಿನಲ್ಲಿ ಪೂರ್ತಿ ಸುತ್ತು ಹೊಡೆಯುವ ಆಸೆ ಬೇಡ. ಸುತ್ತಿನ ಅರ್ಧದಲ್ಲಿ ಗಾಳಿ ನಿಮ್ಮನ್ನು ಎಲ್ಲಿಗೋ ಒಯ್ದಿರುತ್ತದೆ, ಉಳಿದರ್ಧಕ್ಕೆ ಎತ್ತರ ಇರುವುದಿಲ್ಲ. 15 ಮೀಟರಿನಿಂದ ಕೆಳಗೆ ತಿರುವೇ ಬೇಡ. ಆಮೇಲೆ ಮುಂದೆ ಸಗಣಿ ಗುಂಡಿಯೇ ಬಂದರೂ ನೇರ ಅದಕ್ಕೇ ಇಳಿಯಿರಿ. ಸಗಣಿಯನ್ನು ತೊಳೆಯಬಹುದು. ಐದು ಮೀಟರ್ ಎತ್ತರದಲ್ಲಿ ಗಕ್ಕನೆ ತಿರುಗಿದರೆ ವಿಂಗ್ ಒಂದು ಕಡೆ, ಮೈ ಇನ್ನೊಂದು ಕಡೆ ತೂಗಿ, ಪಕ್ಕೆಯೇ ಮೊದಲು ನೆಲಕ್ಕೆ ಬಡಿಯುತ್ತದೆ.

ಗಾಳಿಯ ದಿಕ್ಕು ತಪ್ಪಿದವರದು ಇನ್ನೊಂದು ನೋಟ. ಅದೇ 12 ಕಿ.ಮೀ. ಗಾಳಿಗೆ ಎದುರಾಗಿ ಬಂದರೆ ನೆಲದ ಮೇಲೆ ನಿಮ್ಮ ವೇಗ 24 ಕಿ.ಮೀ., ಕೊನೆಯಲ್ಲಿ ಬ್ರೇಕ್ ಪೂರ್ತಿ ಎಳೆದು ಫ್ಲೇರ್ ಮಾಡಿದಾಗ ಅದು ನಡಿಗೆಗೆ ಇಳಿಯುತ್ತದೆ. ಗಾಳಿಯ ಜೊತೆಗೆ ಬಂದರೆ 48. ಉಸೇನ್ ಬೋಲ್ಟ್ 2009ರಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರ ಗರಿಷ್ಠ ವೇಗವೂ ಗಂಟೆಗೆ 45 ಕಿ.ಮೀ. ಮುಟ್ಟಿರಲಿಲ್ಲ. ಕಾಲು ಗಾಳಿಯಲ್ಲೇ ಸೈಕಲ್ ತುಳಿದ ಹಾಗೆ ತಿರುಗಿ, ಎರಡನೆಯ ಹೆಜ್ಜೆಗೇ ಪಲ್ಟಿಯಾಗುವುದು ಇದಕ್ಕೇ. ಇಳಿಯುವ ಮೊದಲು ವಿಂಡ್‌ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ, ನೋಡಿ. ಅದು ಕಾಣದಿದ್ದರೆ ಒಲೆಯ ಹೊಗೆ, ಬೆಳೆಯ ಮೇಲೆ ಓಡುವ ಅಲೆ, ಬೀರ್‌ನಲ್ಲಾದರೆ ಟಿಬೆಟಿಯನ್ನರ ಪ್ರಾರ್ಥನಾ ಬಾವುಟಗಳು, ಅದೂ ಇಲ್ಲದಿದ್ದರೆ ಈಗಷ್ಟೇ ಇಳಿದವನ ವಿಂಗ್ ಯಾವ ಕಡೆ ಬಿತ್ತು ಎಂಬುದು. ನೆಲದ ಹತ್ತಿರ ಬಂದ ಮೇಲೆ ದಿಕ್ಕು ತಪ್ಪಿದ್ದು ಗೊತ್ತಾದರೆ ತಿರುಗಲು ಹೋಗಬೇಡಿ. ಹಾಗೇ ನೇರ ಬನ್ನಿ, ಬ್ರೇಕನ್ನು ಪೂರ್ತಿ, ಬಲವಾಗಿ ಎಳೆಯಿರಿ, ಉರುಳಲು ಸಿದ್ಧರಾಗಿ.

ಕೈಯ ತಪ್ಪುಗಳು

ಕ್ರಮ ಹೀಗೆ. 30 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಹಾರ್ನೆಸ್‌ನಿಂದ, ಅಂದರೆ ಪಟ್ಟಿಗಳಿಂದ ಮೈಗೆ ಕಟ್ಟಿಕೊಂಡ ಆಸನದಿಂದ, ಮುಂದೆ ಜಾರಿ, ಮೈ ನೆಟ್ಟಗೆ ಮಾಡಿ, ಕಾಲು ಕೆಳಗೆ, ಒಂದು ಪಾದ ತುಸು ಮುಂದೆ. ಕೈ ಎರಡೂ ಕಿವಿಯ ಮಟ್ಟಕ್ಕೆ ಮೇಲೆ, ವಿಂಗ್ ತನ್ನ ಪೂರ್ತಿ ವೇಗದಲ್ಲಿ ಬರಲಿ. ಪಾದ ನೆಲದಿಂದ ಒಂದು, ಒಂದೂವರೆ ಮೀಟರ್ ಇರುವಾಗ ಬ್ರೇಕ್ ಎಳೆಯಲು ಶುರುಮಾಡಿ, ಎರಡು ಸೆಕೆಂಡಿನೊಳಗೆ ಕೈ ಸೊಂಟ ದಾಟಿ ತೊಡೆಯ ಪಕ್ಕಕ್ಕೆ. ಇದಕ್ಕೇ ಫ್ಲೇರ್ ಎನ್ನುವುದು. ಬ್ರೇಕ್ ಎಳೆದಾಗ ವಿಂಗ್‌ನ ಹಿಂದಿನ ಅಂಚು ಕೆಳಗೆ ಬಾಗಿ, ಮುಂದಕ್ಕೆ ಹೋಗುತ್ತಿದ್ದ ವೇಗ ಒಂದು ಕ್ಷಣ ಎತ್ತುವ ಬಲವಾಗುತ್ತದೆ. ಆ ಕ್ಷಣ ಒಂದೇ ಸಲ ಸಿಗುತ್ತದೆ, ಅದೂ ವೇಗ ಉಳಿಸಿಕೊಂಡು ಬಂದವರಿಗೆ ಮಾತ್ರ. ಹೆದರಿ ಮೊದಲಿಂದಲೇ ಅರ್ಧ ಬ್ರೇಕ್ ಹಿಡಿದುಕೊಂಡು ಬಂದವರಿಗೆ ಕೊನೆಯಲ್ಲಿ ಎಳೆಯಲು ಏನೂ ಉಳಿದಿರುವುದಿಲ್ಲ.

ಬೇಗ ಎಳೆಯುವವರು ಹೆಚ್ಚು. ನಾಲ್ಕು ಮೀಟರ್ ಎತ್ತರದಲ್ಲೇ ನೆಲ ಬಂತೆಂದು ಎಳೆದುಬಿಡುತ್ತಾರೆ. ವಿಂಗ್ ನಿಂತಂತಾಗುತ್ತದೆ, ಪೈಲಟ್ ಹಗ್ಗಕ್ಕೆ ಒಣಹಾಕಿದ ಅಂಗಿಯ ಹಾಗೆ ಗಾಳಿಯಲ್ಲಿ ನೇತಾಡುತ್ತಾನೆ. ಕೆಳಗಿದ್ದವರು ನಗಲು ಬಾಯಿ ತೆರೆಯುವುದೂ ಆಗಲೇ, ಪೈಲಟ್ ಗಾಬರಿಬಿದ್ದು ಕೈ ಮೇಲೆ ಬಿಡುವುದೂ ಆಗಲೇ. ಕೈ ಬಿಟ್ಟರೆ ವಿಂಗ್ ಮುಂದಕ್ಕೆ ಧುಮುಕುತ್ತದೆ, ಪೈಲಟ್ ಗಡಿಯಾರದ ಲೋಲಕದಂತೆ ತೂಗಿಕೊಂಡು ಬಂದು ನೆಲಕ್ಕೆ ಅಪ್ಪಳಿಸುತ್ತಾನೆ. ಮೂಳೆ ಮುರಿಯುವುದು ಇಲ್ಲಿ. ಬೇಗ ಎಳೆದೆ ಎಂದು ಗೊತ್ತಾದ ತಕ್ಷಣ ಕೈ ಇದ್ದಲ್ಲೇ ನಿಲ್ಲಿಸಿ. ತೀರಾ ಎತ್ತರವಾಗಿದ್ದರೆ ಒಂದು ಗೇಣಿನಷ್ಟು ಮಾತ್ರ ಮೆಲ್ಲಗೆ ಸಡಿಲಿಸಿ, ಅಲ್ಲೇ ಹಿಡಿದುಕೊಳ್ಳಿ. ಕಾಲು ಜೋಡಿಸಿ. ಧೊಪ್ಪನೆ ಬೀಳುತ್ತೀರಿ, ಆದರೆ ನೆಟ್ಟಗೆ ಬೀಳುತ್ತೀರಿ.

ತಡವಾಗಿ ಎಳೆಯುವವರು ಓಡಬೇಕಾಗುತ್ತದೆ. ಓಡಿದರೆ ತೊಂದರೆಯಿಲ್ಲ, ಓಟ ನಿಲ್ಲಿಸಿದರೆ ಮುಖವೇ ಮುಂದಾಗುತ್ತದೆ. ಹಾಗಾಗಿ ಹೆಜ್ಜೆ ನೆಲ ಮುಟ್ಟಿದ ಮೇಲೂ ಬ್ರೇಕ್ ಎಳೆದೇ ಇರಲಿ, ಕಾಲು ಓಡುತ್ತಲೇ ಇರಲಿ.

ಹತ್ತಿರದಿಂದ ನೋಡಬೇಕಾದ ತಪ್ಪು ಇನ್ನೊಂದಿದೆ. ನೆಲ ಹತ್ತಿರವಾದಾಗ ಮೈ ಸ್ವಲ್ಪ ಬಲಕ್ಕೆ ವಾಲುತ್ತದೆ ಎನ್ನಿ. ಬೀಳುವ ಮನುಷ್ಯನ ಕೈ ತಾನಾಗಿಯೇ ಆ ಕಡೆ ನೆಲ ಹುಡುಕುತ್ತದೆ, ಚಿಕ್ಕಂದಿನಿಂದ ಬಂದ ಅಭ್ಯಾಸ. ಆದರೆ ಆ ಕೈಯಲ್ಲಿ ಬ್ರೇಕ್ ಇದೆ. ಬಲಗೈ ಕೆಳಗೆ ಹೋದರೆ ಬಲ ಬ್ರೇಕ್ ಎಳೆದ ಹಾಗಾಯಿತು, ವಿಂಗ್ ಇನ್ನಷ್ಟು ಬಲಕ್ಕೆ ತಿರುಗುತ್ತದೆ, ಮೈ ಇನ್ನಷ್ಟು ವಾಲುತ್ತದೆ, ಕೈ ಇನ್ನೂ ಚಾಚುತ್ತದೆ. ಮೂರು ಸೆಕೆಂಡಿನಲ್ಲಿ ಪೈಲಟ್ ಬಂದ ದಾರಿಗೆ ಅಡ್ಡಲಾಗಿ ತಿರುಗಿ, ಪಕ್ಕೆಯ ಮೇಲೆ ಹುಲ್ಲು ಕೆರೆಯುತ್ತ ಬಿದ್ದಿರುತ್ತಾನೆ. ನೆಲಕ್ಕೆ ಚಾಚಿದ ಕೈಯ ಮಣಿಕಟ್ಟು ಮುರಿಯುವುದೂ ಹೀಗೆಯೇ. ಇದಕ್ಕೆ ಮದ್ದೆಂದರೆ ಕೊನೆಯ ಹತ್ತು ಮೀಟರಿನಲ್ಲಿ ಎರಡು ಕೈಯನ್ನೂ ಒಂದೇ ಕೋಲಿಗೆ ಕಟ್ಟಿದ ಹಾಗೆ ಜೊತೆಯಲ್ಲೇ ಆಡಿಸುವುದು. ಸಣ್ಣ ತಿದ್ದುಪಡಿಗೆ ಸೊಂಟ ವಾಲಿಸಿದರೆ ಸಾಕು.

ಕಣ್ಣಿನ ತಪ್ಪೂ ಇದೆ. ನಾಲ್ಕು ಎಕರೆ ಬಯಲು, ನಡುವೆ ಒಂದೇ ಒಂದು ಜಾಲಿ ಪೊದೆ. ಹೊಸಬನ ಕಣ್ಣು ಆ ಪೊದೆಯ ಮೇಲೆಯೇ ನೆಡುತ್ತದೆ, ‘ಅದೊಂದಕ್ಕೆ ಹೋಗಬಾರದು’ ಎಂದುಕೊಳ್ಳುತ್ತಲೇ ನೇರ ಅದರೊಳಕ್ಕೆ ಹೋಗಿ ಕೂರುತ್ತಾನೆ. ನೋಡಿದ ಕಡೆಗೇ ಮೈ ತಿರುಗುತ್ತದೆ, ಮೈ ತಿರುಗಿದ ಕಡೆಗೆ ವಿಂಗ್ ಹೋಗುತ್ತದೆ. ಪೊದೆ ಎಲ್ಲಿದೆ ಎಂದು ಒಮ್ಮೆ ಗುರುತಿಸಿ, ಆಮೇಲೆ ಖಾಲಿ ಜಾಗವನ್ನೇ ನೋಡುತ್ತ ಬನ್ನಿ. ನಿಂತ ಎಮ್ಮೆಗೂ ಇದೇ ನಿಯಮ.

ಗುರಿ ಇಟ್ಟು ಇಳಿಯುವ ಅಕ್ಯುರಸಿ ಸ್ಪರ್ಧೆಗಳಲ್ಲಿ ಕೇಂದ್ರದಿಂದ ಮೊದಲು ಮುಟ್ಟಿದ ಬಿಂದುವಿಗೆ ಎಷ್ಟು ಸೆಂಟಿಮೀಟರ್ ದೂರ ಎಂದು ಅಳೆಯುತ್ತಾರೆ, ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಂಥ ಪಳಗಿದವರೂ ಬೀಳುತ್ತಾರೆ. ಅವರ ಇಳಿತಗಳನ್ನು ನೋಡುವ ಅವಕಾಶ ಸಿಕ್ಕರೆ ಗುರಿಯನ್ನು ಬಿಟ್ಟು ಅವರ ಸೊಂಟ, ಕೈ ನೋಡಿ. ಕಲಿಯುವುದಕ್ಕೆ ಅಷ್ಟು ಚೆನ್ನಾದ ಪಾಠ ಬೇರೆ ಸಿಗುವುದಿಲ್ಲ.

ಕೂತೇ ಇಳಿಯುವುದು, ಉರುಳುವುದು

ಅಂಡೂರಿ ಜಾರುವುದು ನೋಡಲು ಎಲ್ಲಕ್ಕಿಂತ ತಮಾಷೆ. ನಮಗೆ ಎಲ್ಲಕ್ಕಿಂತ ಭಯವಾಗುವುದೂ ಅದಕ್ಕೇ. ಹಾರ್ನೆಸ್‌ನ ಅಡಿಯಲ್ಲಿ ಏರ್‌ಬ್ಯಾಗೋ ದಪ್ಪ ಫೋಮೋ ಇರುತ್ತದೆ, ಹಾಗಾಗಿ ಹತ್ತು ಸಲ ಏನೂ ಆಗುವುದಿಲ್ಲ. ಹನ್ನೊಂದನೆಯ ಸಲ ಹುಲ್ಲಿನಡಿ ಒಂದು ಕಲ್ಲೋ ಬದುವೋ ಇರುತ್ತದೆ. ಕಾಲಿಗೆ ಪಾದದ ಕೀಲು, ಮಂಡಿ, ಸೊಂಟ ಎಂದು ಮೂರು ಕಡೆ ಬಾಗುವ ಸ್ಪ್ರಿಂಗ್ ಇದೆ. ಕೂತವನಿಗೆ ಪೆಟ್ಟು ನೇರ ಬೆನ್ನೆಲುಬಿಗೆ ಹೋಗುತ್ತದೆ. ಎದೆಯ ಬೆನ್ನೆಲುಬು ಮುಗಿದು ಸೊಂಟದ ಬೆನ್ನೆಲುಬು ಶುರುವಾಗುವ ಜಾಗದಲ್ಲಿ ಮೂಳೆ ಅಪ್ಪಚ್ಚಿಯಾಗುವುದು ಈ ಆಟದ ಹಳೆಯ ಗಾಯ.

ಕಾಲು ಇಳಿಸಲಾಗದೆ ಕೂತೇ ಬರುವವರ ಹಾರ್ನೆಸ್ ಒಮ್ಮೆ ನೋಡಿ. ಕಾಲುಪಟ್ಟಿ ತೀರಾ ಬಿಗಿಯಾಗಿರುತ್ತದೆ, ಇಲ್ಲವೇ ಪಟ್ಟಿಗಳು ಸರಿಯಿಲ್ಲದೆ ಮೈ ಹಿಂದಕ್ಕೆ ಒರಗಿರುತ್ತದೆ. ಮರದ ಕೊಂಬೆಗೋ ತೊಲೆಗೋ ಹಾರ್ನೆಸ್ ತೂಗುಹಾಕಿ, ಬ್ರೇಕ್ ಹಿಡಿದ ಹಾಗೆ ಕೈ ಮೇಲಿಟ್ಟುಕೊಂಡು, ಕೂರುವುದು, ಎದೆ ಮುಂದೆ ಬಾಗಿಸಿ ಕಾಲು ಇಳಿಬಿಡುವುದು, ಮತ್ತೆ ಕೂರುವುದು, ಹೀಗೆ ಇಪ್ಪತ್ತು ಸಲ ಮಾಡಿ. ಕೈ ಉಪಯೋಗಿಸದೆ ಜಾರಲು ಬರಬೇಕು. ಪಟ್ಟಿಗಳನ್ನು ಅಲ್ಲೇ ಸರಿಮಾಡಿಕೊಳ್ಳಿ.

ಕಾಲು ಕೆಳಗಿದ್ದೂ ಜೋರಾಗಿ ಬಿದ್ದರೆ ಉರುಳಬೇಕು. ಪಾದ, ಮಂಡಿ ಎರಡೂ ಜೋಡಿಸಿ, ಮಂಡಿ ತುಸು ಬಾಗಿಸಿ, ಗದ್ದ ಎದೆಗೆ ಒತ್ತಿ, ಮೊಣಕೈ ಪಕ್ಕೆಗೆ ಅಂಟಿಸಿ. ಮುಂಗಾಲು ಮೊದಲು ಮುಟ್ಟಲಿ, ಆಮೇಲೆ ಮೀನಖಂಡದ ಪಕ್ಕ, ತೊಡೆಯ ಪಕ್ಕ, ಅಂಡಿನ ಪಕ್ಕ, ಕೊನೆಗೆ ಎದುರು ಭುಜದ ಹಿಂಭಾಗ. ಪೆಟ್ಟು ಐದು ಕಡೆ ಹಂಚಿಹೋಗುತ್ತದೆ. ಅರ್ಧ ಮೀಟರ್ ಎತ್ತರದ ಸ್ಟೂಲಿನಿಂದ ಮೆತ್ತನೆಯ ಹುಲ್ಲಿಗೆ ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ ಉರುಳಿ ಕಲಿಯಿರಿ. ಅಕ್ಕಪಕ್ಕದವರು ನೋಡಿ ನಗುತ್ತಾರೆ, ನಗಲಿ.

ಇಳಿದ ಮೇಲೆ ವಿಂಗ್ ನಿಮ್ಮನ್ನು ಹಿಡಿದುಕೊಂಡಾಗ

ಕಾಲು ನೆಲ ಮುಟ್ಟಿದ ಕೂಡಲೇ ಹಾರಾಟ ಮುಗಿಯಿತೆಂದು ಕೈಬೀಸಿ ಫೋಟೊಕ್ಕೆ ನಿಲ್ಲುವವರನ್ನೇ ವಿಂಗ್ ಮುಚ್ಚುವುದು, ಎಳೆಯುವುದು. ಗಾಳಿ ಇಲ್ಲದಾಗ ವಿಂಗ್ ಮುಂದಕ್ಕೆ ಬಂದು ತಲೆಯ ಮೇಲೆ ಬೀಳುತ್ತದೆ. ಬಿದ್ದರೆ ನಡೆಯಬೇಡಿ. ಒಂದೊಂದು ಮಿಲಿಮೀಟರ್ ದಪ್ಪದ ಹತ್ತಾರು ಲೈನುಗಳು, ಅಂದರೆ ವಿಂಗನ್ನು ಹಾರ್ನೆಸ್‌ಗೆ ಜೋಡಿಸುವ ದಾರಗಳು, ಕಾಲಿನ ಸುತ್ತ ಇರುತ್ತವೆ. ಲೇಸ್ ಕಟ್ಟುವ ಲೋಹದ ಕೊಕ್ಕೆಯಿರುವ ಟ್ರೆಕ್ಕಿಂಗ್ ಬೂಟು ಹಾಕಿದ್ದರೆ ಪ್ರತಿ ಕೊಕ್ಕೆಗೂ ಒಂದೊಂದು ಲೈನು ಸಿಕ್ಕಿಕೊಂಡು, ನಾಲ್ಕನೆಯ ಹೆಜ್ಜೆಗೆ ಮಗ್ಗದ ಗುಂಡಿಯಲ್ಲಿ ಬಿದ್ದವನ ಸ್ಥಿತಿ. ಹಾರಲು ಕೊಕ್ಕೆಯಿಲ್ಲದ ಬೂಟು ಕೊಳ್ಳಿ, ಇದ್ದದ್ದರ ಮೇಲೆ ಟೇಪ್ ಸುತ್ತಿ. ಬಟ್ಟೆಯೊಳಗೆ ಸಿಕ್ಕಾಗ ನಿಂತಲ್ಲೇ ನಿಂತು, ಒಂದೇ ಕಡೆಯಿಂದ ಬಟ್ಟೆಯನ್ನು ಸೀರೆಯ ನೆರಿಗೆಯ ಹಾಗೆ ಕೈಗೆ ಸೇರಿಸುತ್ತ ಬಂದರೆ ಅಂಚು ಸಿಗುತ್ತದೆ.

ಗಾಳಿ ಜೋರಿದ್ದಾಗ ಕಥೆ ಬೇರೆ. ಒಬ್ಬರ ವಿಂಗ್ 22ರಿಂದ 30 ಚದರ ಮೀಟರ್, ಇಬ್ಬರು ಹಾರುವ ಟ್ಯಾಂಡಮ್ ವಿಂಗ್ 40ರ ಆಸುಪಾಸು. ಅಷ್ಟು ದೊಡ್ಡ ಹಾಯಿ ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆದರೆ ಮನುಷ್ಯ ಬೆನ್ನ ಮೇಲೆ ದರದರ ಹೋಗುತ್ತಾನೆ, ಹಿಂದೆ ಗೆಳೆಯರು ಓಡುತ್ತಾರೆ, ಅವರ ಹಿಂದೆ ಊರ ನಾಯಿಗಳು. ಹಾಗಾಗದಂತೆ, ಪಾದ ಮುಟ್ಟಿದ ತಕ್ಷಣ ವಿಂಗ್ ಕಡೆಗೆ ತಿರುಗಿ, ಹಿಂದಿನ ರೈಸರ್ (ಲೈನುಗಳ ಗುಂಪನ್ನು ಹಾರ್ನೆಸ್‌ಗೆ ಸೇರಿಸುವ ಪಟ್ಟಿ) ಎರಡನ್ನೂ ಹಿಡಿದು ಜೋರಾಗಿ ಎಳೆಯಿರಿ, ಎಳೆಯುತ್ತಲೇ ವಿಂಗ್ ಕಡೆಗೆ ನಾಲ್ಕು ಹೆಜ್ಜೆ ಓಡಿ. ಎರಡು ಬ್ರೇಕನ್ನೂ ಎಳೆದು ಹಿಡಿದು ನಿಂತರೆ ಹಾಯಿ ಇನ್ನಷ್ಟು ಉಬ್ಬುತ್ತದೆ. ಆಗಲೇ ಬಿದ್ದು ಎಳೆಸಿಕೊಳ್ಳುತ್ತಿದ್ದರೆ ಒಂದು ಬ್ರೇಕ್ ಬಿಟ್ಟುಬಿಡಿ, ಇನ್ನೊಂದರ ಲೈನನ್ನು ಬಾವಿಯಿಂದ ಹಗ್ಗ ಸೇದಿದ ಹಾಗೆ ಕೈಮೇಲೆ ಕೈ ಹಾಕಿ ಸೇದಿ. ಬಟ್ಟೆ ಕೈಗೆ ಸಿಗುವವರೆಗೂ ನಿಲ್ಲಿಸಬೇಡಿ. ಕೈಗವಸು ಇಲ್ಲದೆ ಇದನ್ನು ಮಾಡಿದರೆ ಬೆರಳು ಕೊಯ್ಯುತ್ತದೆ. ಸಹಾಯಕ್ಕೆ ಬಂದವರು ನಿಮ್ಮನ್ನು ಹಿಡಿಯುವುದಕ್ಕಿಂತ ವಿಂಗ್‌ನ ಒಂದು ತುದಿ ಹಿಡಿದು ಗಾಳಿಗೆ ಎದುರಾಗಿ ಓಡಿದರೆ ಅದು ಕುಸಿಯುತ್ತದೆ.

ಮರ ಏರಿದವರು

ಹುಣಸೆಮರಕ್ಕೆ ಸಿಕ್ಕಿದ ಗಾಳಿಪಟವನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ಬಾಲಂಗೋಚಿಯ ಜಾಗದಲ್ಲಿ ಮನುಷ್ಯ ಇರುತ್ತಾನೆ. ಮರ ತಪ್ಪುವುದೇ ಇಲ್ಲ ಎಂದು ಖಚಿತವಾದರೆ ಅರ್ಧಮನಸ್ಸು ಬೇಡ. ತುದಿಕೊಂಬೆ ತಾಗಿಸಿಕೊಂಡು ಹೋದವರು ವಿಂಗ್ ಮಡಚಿ ನೆಲಕ್ಕೆ ಬೀಳುತ್ತಾರೆ. ದಟ್ಟವಾದ ಮರದ ನಡುನೆತ್ತಿಗೇ ಗಾಳಿಗೆದುರಾಗಿ ಬನ್ನಿ. ಕಾಲು ಜೋಡಿಸಿ, ಮಂಡಿ ಬಾಗಿಸಿ, ಕೊನೆಗಳಿಗೆಯಲ್ಲಿ ಬ್ರೇಕ್ ಎಳೆದು, ಮುಖಕ್ಕೆ ಮೊಣಕೈ ಅಡ್ಡ ಹಿಡಿಯಿರಿ. ನಿಂತ ಕೂಡಲೇ ಸಿಕ್ಕಿದ ದಪ್ಪ ಕೊಂಬೆಯನ್ನು ತಬ್ಬಿಕೊಳ್ಳಿ.

ಮರಕ್ಕೆ ಸಿಕ್ಕಿದವರಿಗೆ ಹೆಚ್ಚಿನ ಅಪಾಯ ಆಮೇಲೆ, ಇಳಿಯಲು ಹೋದಾಗ. ನಾಚಿಕೆಯಿಂದ ಬೇಗ ಇಳಿಯಬೇಕೆನಿಸುತ್ತದೆ, ಕೆಳಗೆ ಜನ ಸೇರಿರುತ್ತಾರೆ, ಒಬ್ಬರು ಬಾಳೆಹಣ್ಣು ಬೇಕೇ ಎಂದು ಕೇಳುತ್ತಿರುತ್ತಾರೆ. ಬಕಲ್ ತೆಗೆಯಬೇಡಿ. ನಿಮ್ಮನ್ನು ಹಿಡಿದಿರುವ ಲೈನು ಯಾವ ರೆಂಬೆಗೆ ಸಿಕ್ಕಿದೆಯೋ ನಿಮಗೆ ಗೊತ್ತಿಲ್ಲ. ಮೊದಲು ಒಂದು ಪಟ್ಟಿ ಅಥವಾ ಹಗ್ಗದಿಂದ ಹಾರ್ನೆಸ್ಸನ್ನು ಕಾಂಡಕ್ಕೆ ಕಟ್ಟಿ. ಆಮೇಲೆ ರೇಡಿಯೊದಲ್ಲಿ ‘ಕ್ಷೇಮ, ಮರದಲ್ಲಿದ್ದೇನೆ’ ಎಂದು ಹೇಳಿ. ರೇಡಿಯೊ ಕೆಟ್ಟಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಹಾರ್ನೆಸ್ ಜೇಬಿನಲ್ಲಿ ಹಲ್ಲಿನ ಸಂದಿ ತೆಗೆಯುವ ಡೆಂಟಲ್ ಫ್ಲಾಸ್‌ನ ಒಂದು ಡಬ್ಬಿ ಸದಾ ಇರಲಿ. 30, 50 ಮೀಟರ್ ದಾರ, ತೂಕ ಇಲ್ಲವೇ ಇಲ್ಲ. ಡಬ್ಬಿಯನ್ನೇ ಭಾರವಾಗಿ ಕೆಳಗಿಳಿಸಿದರೆ ಕೆಳಗಿನವರು ಅದಕ್ಕೆ ದಪ್ಪ ಹಗ್ಗದ ತುದಿ ಕಟ್ಟುತ್ತಾರೆ, ನೀವು ಮೇಲೆಳೆದುಕೊಳ್ಳುತ್ತೀರಿ. ಡಬ್ಬಿ ಇಳಿದು ಬರುವುದನ್ನು ನೋಡಿದ ಊರವರು ಅದೇನೆಂದು ಕೇಳಿಯೇ ಕೇಳುತ್ತಾರೆ.

ಬೀರ್‌ನ ಪೈನ್, ದೇವದಾರು ಮರಗಳಿಂದ ವಿಂಗ್ ಬಿಡಿಸಲು ಅರ್ಧ ದಿನ ಇಟ್ಟುಕೊಳ್ಳಿ. ಪುಣೆ ಹತ್ತಿರದ ಕಾಮ್‌ಶೇಟ್‌ನ ಮುಳ್ಳುಪೊದೆಗಳಿಂದಲಾದರೆ ತಾಳ್ಮೆಯನ್ನೂ ಇಟ್ಟುಕೊಳ್ಳಿ. ಕೆಳಗೆ ನಿಂತು ಎಳೆಯಬೇಡಿ, ಎಳೆದಷ್ಟೂ ಲೈನುಗಳು ಮೀನಿನ ಬಲೆಯ ಹಾಗೆ ರೆಂಬೆಗಳನ್ನು ಬಿಗಿಯುತ್ತವೆ. ರೈಸರ್‌ನ ಫೋಟೊ ತೆಗೆದುಕೊಂಡು, ಯಾವ ಲೈನು ಯಾವುದರ ಪಕ್ಕ ಎಂಬುದು ಕಾಣುವಂತೆ ಎ, ಬಿ, ಸಿ ಎಂದು ಮುಂದಿನಿಂದ ಹಿಂದಕ್ಕೆ ಹೆಸರಿಸುವ ಲೈನು ಗುಂಪುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ರೈಸರ್ ತುದಿಯ ಸಣ್ಣ ಲೋಹದ ಕೊಂಡಿಗಳ ತಿರುಪು ಬಿಚ್ಚಿ ಲೈನುಗಳನ್ನು ಬಿಡುಗಡೆ ಮಾಡಿ. ಆಮೇಲೆ ಒಂದೊಂದೇ ಲೈನು ಎಲೆಗಳ ನಡುವಿನಿಂದ ಸುಲಭವಾಗಿ ಬರುತ್ತದೆ. ಬಟ್ಟೆಯನ್ನು ಮೇಲಿನಿಂದ ಬಿಡಿಸುತ್ತ ಬನ್ನಿ. ಕೊಂಬೆ ಕಡಿಯಬೇಕಾದರೆ ಮರದ ಯಜಮಾನರನ್ನು ಕೇಳಿ. ಅಂಗೈಗಿಂತ ಚಿಕ್ಕ ಹರಕಿಗೆ, ಅದು ಹೊಲಿಗೆಯಿಂದ ದೂರವಿದ್ದರೆ, ಮೂಲೆ ದುಂಡಾಗಿ ಕತ್ತರಿಸಿದ ರಿಪ್‌ಸ್ಟಾಪ್ ಟೇಪನ್ನು (ವಿಂಗ್ ಬಟ್ಟೆಯಂಥದ್ದೇ ಅಂಟುಪಟ್ಟಿ) ಎರಡೂ ಬದಿಗೆ ಅಂಟಿಸಬಹುದು. ಹೊಲಿಗೆ ಹರಿದಿದ್ದರೆ ವರ್ಕ್‌ಶಾಪಿಗೇ ಕಳಿಸಿ. ಎಳೆದಾಟದಲ್ಲಿ ಲೈನುಗಳ ಉದ್ದ ಬದಲಾಗಿರುತ್ತದೆ, ಅಳೆಸದೆ ಮತ್ತೆ ಹಾರಬೇಡಿ.

ವಿದ್ಯುತ್ ತಂತಿಯ ವಿಷಯದಲ್ಲಿ ನಗುವುದೇನೂ ಇಲ್ಲ. ಕಂಬ ಕಂಡರೆ ತಂತಿ ಇದೆ ಎಂದೇ ತಿಳಿದು ದೂರ ಇಳಿಯಿರಿ, ಮರ ಸಿಕ್ಕಿದರೆ ಮರವೇ ವಾಸಿ. ತಂತಿಗೆ ಸಿಕ್ಕಿದವರು ಅಲುಗಾಡಬಾರದು. ಕರೆಂಟು ತೆಗೆದದ್ದು ಖಚಿತವಾಗುವವರೆಗೆ ಯಾರೂ ಅವರನ್ನೂ ವಿಂಗನ್ನೂ ಮುಟ್ಟಬಾರದು.

ಕೆಸರು, ನೀರು, ದನ, ಜನ

ನೀರು ಕಟ್ಟಿದ ಗದ್ದೆಗೆ ಇಳಿದವರು ಓಡಲು ಹೋಗಬಾರದು. ಮೊದಲ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮುಖದ ಅಚ್ಚು ಗದ್ದೆಯಲ್ಲಿ ಮೂಡುತ್ತದೆ. ಪೂರ್ತಿ ಫ್ಲೇರ್ ಮಾಡಿ, ಕಾಲು ಜೋಡಿಸಿ, ನೆಟ್ಟಗೆ ನಾಟಿಕೊಳ್ಳಿ.

ಕಾಮ್‌ಶೇಟ್ ಕಡೆಯ ಪವನಾ ಜಲಾಶಯದಂಥ ನೀರಿನ ಹತ್ತಿರ ಹಾರುವವರಿಗೆ ತಿಳಿದಿರಬೇಕಾದದ್ದು: ಫೋಮ್ ಇರುವ ಹಾರ್ನೆಸ್ ತೇಲುತ್ತದೆ, ಆದರೆ ಫೋಮ್ ಬೆನ್ನಿನಲ್ಲಿರುವುದರಿಂದ ಮನುಷ್ಯನನ್ನು ಬೋರಲು ಮಾಡಿ ತೇಲಿಸುತ್ತದೆ. ನೀರೇ ಗತಿ ಎಂದಾದಾಗ ಎದೆಪಟ್ಟಿ ಮೊದಲೇ ಬಿಚ್ಚಿಕೊಳ್ಳಿ. ಕಾಲುಪಟ್ಟಿಯನ್ನು ಮಾತ್ರ ಪಾದ ನೀರು ಮುಟ್ಟಿದ ಮೇಲೆಯೇ ಬಿಚ್ಚಿ. ನೀರಿನ ಮೇಲೆ ಎತ್ತರದ ಅಂದಾಜು ಸಿಗುವುದಿಲ್ಲ, ಎರಡು ಮೀಟರ್ ಎಂದುಕೊಂಡದ್ದು ಹದಿನೈದು ಆಗಿರಬಹುದು. ಲೈನುಗಳಿಂದ ದೂರ ಈಜಿ. ವಿಂಗನ್ನು ದಡಕ್ಕೆ ತರುವಾಗ ಹಿಂದಿನ ಅಂಚು ಹಿಡಿದು ಮೆಲ್ಲಗೆ ಎತ್ತಿದರೆ ಮುಂದಿನ ಬಾಯಿಗಳಿಂದ ನೀರು ಸುರಿದುಹೋಗುತ್ತದೆ. ಮುಂದಿನ ಅಂಚು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಒಳಗಿನ ಗೋಡೆಗಳು ಹರಿಯುತ್ತವೆ.

ದನಕರು ಇರುವಲ್ಲಿ ಇಳಿದರೆ ಮೊದಲು ವಿಂಗನ್ನು ಗುಡ್ಡೆಮಾಡಿ. ಹಸು ಕುತೂಹಲಕ್ಕೆ ಬಂದು ಮೂಸುತ್ತದೆ, ಬೆಚ್ಚಿ ಓಡುವಾಗ ಗೊರಸಿಗೆ ಲೈನು ಸುತ್ತಿಕೊಂಡರೆ ಅದರ ಕಾಲಿಗೂ ಅಪಾಯ. ಗುಡ್ಡೆಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಹರಡಿಕೊಂಡೇ ಬಿದ್ದಿರುವ ವಿಂಗ್ ಮೇಲೆ ಹಾರುವವರ ಕಣ್ಣಿಗೆ ‘ಸಹಾಯ ಬೇಕು’ ಎಂಬ ಗುರುತು. ನೀವು ಕ್ಷೇಮವಾಗಿ ಹೊಲದ ಯಜಮಾನರ ಜೊತೆ ಮಾತಾಡುತ್ತ ನಿಂತಿರುವಾಗ ಇನ್ನೊಬ್ಬರು ನಿಮ್ಮನ್ನು ಉಳಿಸಲೆಂದು ಅದೇ ಇಕ್ಕಟ್ಟಿಗೆ ಇಳಿದು ಬೀಳಬಾರದು.

ಮಕ್ಕಳು ಓಡಿಬಂದು ಮಡಚಲು ಕೈಹಾಕುತ್ತಾರೆ. ಅವರನ್ನು ಗದರಿಸಬೇಡಿ, ಕೆಲಸ ಹಂಚಿಕೊಡಿ: ದಾರ ಮುಟ್ಟದೆ ಬಟ್ಟೆಯ ತುದಿ ಹಿಡಿದುಕೊಳ್ಳಲು ಹೇಳಿ. ಬೆಳೆಯ ನಡುವೆ ಬಿದ್ದಿದ್ದರೆ ವಿಂಗನ್ನು ಎತ್ತಿಕೊಂಡು ಸಾಲಿನ ನಡುವೆಯೇ ನಡೆದು ಬದುವಿಗೆ ಬನ್ನಿ, ಎಳೆದು ತರಬೇಡಿ. ಹಾಳಾದ ಬೆಳೆಗೆ ಹಣ ಕೊಟ್ಟು ಹೋಗಿ. ಲ್ಯಾಂಡಿಂಗ್ ಜಾಗಗಳು ಉಳಿಯುವುದೂ ಮುಚ್ಚುವುದೂ ಆ ರೈತರ ಮನಸ್ಸಿನಿಂದ.

ಬೆಂಗಳೂರಿನಿಂದ ಟ್ಯಾಂಡಮ್‌ಗೆ ಹೋಗುವವರಿಗೆ

ರಜೆಗೆ ಬೀರ್‌ಗೋ ಮನಾಲಿಗೋ ಹೋಗಿ ಪೈಲಟ್‌ನ ಮುಂದೆ ಕೂತು ಹಾರುವವರ ಮುಖ್ಯ ತಪ್ಪು ಒಂದೇ, ಬೇಗ ಕೂರುವುದು. ಪೈಲಟ್ ‘ಭಾಗೋ, ಭಾಗೋ’ ಎನ್ನುತ್ತಾರೆ, ಪ್ರಯಾಣಿಕರು ಮೂರು ಹೆಜ್ಜೆ ಓಡಿ, ಹಾರ್ನೆಸ್ ಎಳೆದಂತಾದ ಕೂಡಲೇ ಕುರ್ಚಿ ಬಂತೆಂದು ಕೂತುಬಿಡುತ್ತಾರೆ. ಇಬ್ಬರೂ ಗುಡ್ಡದ ಅಂಚಿನ ಹುಲ್ಲಿನ ಮೇಲೆ ಜಾರುತ್ತಾರೆ. ಕಾಲು ಗಾಳಿಯಲ್ಲಿ ಓಡುತ್ತಿದೆ ಎಂದು ಗೊತ್ತಾದ ಮೇಲೂ ಐದು ಹೆಜ್ಜೆ ಓಡಿ, ಪೈಲಟ್ ಹೇಳಿದ ಮೇಲೆ ಕೂರಿ. ಇಳಿಯುವಾಗ ಕಾಲು ಎತ್ತಬೇಕೋ, ನಿಂತು ಓಡಬೇಕೋ ಎಂಬುದನ್ನು ಪೈಲಟ್ ಹೇಳುತ್ತಾರೆ. ಟ್ಯಾಂಡಮ್‌ನಲ್ಲಿ ಎರಡೂ ಪದ್ಧತಿ ಇದೆ, ಹಾರುವ ಮೊದಲೇ ಕೇಳಿಟ್ಟುಕೊಳ್ಳಿ.

2019ರಲ್ಲಿ ಹೀಗೆ ಹಾರಿದ ಪ್ರವಾಸಿಯೊಬ್ಬರು ಇನ್ನೂ 500 ರೂಪಾಯಿ ಜಾಸ್ತಿ ತಗೋ, ಇಳಿಸಿಬಿಡು ಎಂದು ಪೈಲಟ್‌ನನ್ನು ಬೇಡಿಕೊಂಡ ವಿಡಿಯೊ ದೇಶವೆಲ್ಲ ಓಡಾಡಿತು. ಆ ಭಯ ಸಹಜ, ನಕ್ಕವರೂ ಅದನ್ನು ಬಲ್ಲರು. ಭಯವಾದಾಗ ದೂರದ ಬೆಟ್ಟ ನೋಡಿ, ಉಸಿರು ನಿಧಾನ ಮಾಡಿ, ಪೈಲಟ್‌ಗೆ ಹೇಳಿ. ಅವರ ತೋಳು, ಲೈನು, ರೈಸರ್ ಹಿಡಿಯಬೇಡಿ, ನಿಮ್ಮ ಹಾರ್ನೆಸ್ ಪಟ್ಟಿಯನ್ನೇ ಹಿಡಿದುಕೊಳ್ಳಿ. ಹಾರುವ ಮೊದಲು ನೀವೇ ಕೈಯಿಟ್ಟು ನೋಡಬೇಕಾದದ್ದು ಎರಡೂ ಕಾಲುಪಟ್ಟಿ, ಎದೆಪಟ್ಟಿ, ಹೆಲ್ಮೆಟ್ ಬಕಲ್. ಕಾಲುಪಟ್ಟಿ ಮರೆತವರು ಹಾರ್ನೆಸ್‌ನಿಂದ ಜಾರಿಬಿದ್ದು ಸತ್ತಿದ್ದಾರೆ, ಎರಡು ಸಲ ನೋಡಿ. ಪೈಲಟ್‌ನ ಪರವಾನಗಿ ಚೀಟಿ ಕೇಳುವುದಕ್ಕೆ ಸಂಕೋಚ ಬೇಡ. ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲಕ್ಕೆ ಹಾರಾಟ ನಿಷಿದ್ಧ, ಆಗ ಹಾರಿಸುತ್ತೇನೆ ಎಂದವರ ಜೊತೆ ಹೋಗಬೇಡಿ.

ಬಿದ್ದ ದಿನ ಸಂಜೆ

ಬೆನ್ನು, ಕುತ್ತಿಗೆ ನೋವಿದ್ದರೆ ಎದ್ದು ನಿಂತು ‘ಏನಿಲ್ಲ’ ಎಂದು ತೋರಿಸಿಕೊಳ್ಳಬೇಡಿ, ಮಲಗಿದಲ್ಲೇ ಮಲಗಿ ಸಹಾಯ ಕರೆಯಿರಿ. ಅಂದೇ ಎಕ್ಸ್‌ರೇ ಆಗಲಿ. ತಲೆ ಜೋರಾಗಿ ಬಡಿದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಬದಲಿಸಿ. ಏರ್‌ಬ್ಯಾಗ್ ಹೊಲಿಗೆ, ಹಾರ್ನೆಸ್‌ನ ತಳ, ರೈಸರ್ ಸಿಕ್ಕಿಸುವ ಕೊಂಡಿ, ಅಂದರೆ ಕ್ಯಾರಬಿನರ್, ಮುಚ್ಚುವ ಬಗೆ ನೋಡಿ. ಬ್ರೇಕ್ ಹಿಡಿಯ ಗಂಟು ಸಡಿಲವಾಗಿದೆಯೇ ಎಳೆದು ನೋಡಿ.

ಕೊನೆಗೆ ರಿಸರ್ವ್ ಪ್ಯಾರಾಚೂಟ್, ವಿಂಗ್ ಕೈಕೊಟ್ಟಾಗ ಎಸೆಯಲೆಂದು ಹಾರ್ನೆಸ್‌ನಲ್ಲಿ ಮಡಚಿಟ್ಟದ್ದು. ಪೊದೆ, ಬೇಲಿಗಳಲ್ಲಿ ನುಸುಳಿ ಬಂದಾಗ ಅದರ ಕೆಂಪು ಹಿಡಿ ಯಾವುದೋ ಕಡ್ಡಿಗೆ ಸಿಕ್ಕಿ, ಅದನ್ನು ಮುಚ್ಚಿಡುವ ಪಿನ್ ಅರ್ಧ ಹೊರಬಂದಿರುತ್ತದೆ. ಅದನ್ನು ನೋಡದೆ ಜೀಪಿನ ಮೇಲೆ ಹಾರ್ನೆಸ್ ಹಾಕಿದರೆ ಬಿಲ್ಲಿಂಗ್ ದಾರಿಯ ತಿರುವಿನಲ್ಲಿ ಬಿಳಿ ಬಟ್ಟೆ ಜೀಪಿನ ಹಿಂದೆ ಮದುವೆ ಚಪ್ಪರದಂತೆ ಹರಡಿಕೊಳ್ಳುತ್ತದೆ. ಪಿನ್‌ಗಳೆಲ್ಲ ಅದರದರ ಕುಣಿಕೆಯಲ್ಲಿ ಪೂರ್ತಿ ಕೂತಿವೆಯೇ ಎಂದು ಬೆರಳಿಟ್ಟು ನೋಡಿ. ಒದ್ದೆಯಾಗಿದ್ದರೆ ಬಿಚ್ಚಿ, ನೆರಳಿನಲ್ಲಿ ಎರಡು ದಿನ ತೂಗುಹಾಕಿ ಒಣಗಿಸಿ, ಮಡಚಲು ಬಲ್ಲವರಿಂದಲೇ ಮಡಚಿಸಿ.